ಟೊಮೆಟೊ ಕ್ರೇಟಿನಲ್ಲಿ ಗುಳುಮುಳುಕ

ದ್ವೀಪ ಅಂದರೇನು ಅಂತ ಮೇಷ್ಟ್ರು ಕೇಳಿದ್ದಕ್ಕೆ
ಐದನೇ ಕ್ಲಾಸಿನ ಚಂದ್ರಕಲಾ ಎದ್ದು ನಿಂತು
ನಮ್ಮೂರು ಸಾರ್ ಅಂದಳಂತೆ.
ಸುತ್ತ ನೀರಿರಬೇಕಲ್ಲಮ್ಮ ಅಂದರಂತೆ ಅವರು.
ಅವಳು ಸುಮ್ಮನೆ ಕಿಟಕಿ ಕಡೆ ಕೈ ಮಾಡಿದಳಂತೆ.

ಅವಳದೇನೂ ತಪ್ಪಿಲ್ಲ.
ಪಾವಗಡ ಬಿಟ್ಟು ತಿರುಮಣಿ ದಾಟಿದರೆ
ಎತ್ತ ನೋಡಿದರೂ ಸೋಲಾರು,
ಸಾಲಿಗೆ ಸಾಲು, ನೀಲಿಗೆ ನೀಲಿ,
ನಡುವೆ ನೂರಾ ಹತ್ತು ಮನೆ, ಒಂದು ಬೇವಿನ ಕಟ್ಟೆ, ನಾವು.
ನಾನು ಆ ಗಾಜು ತೊಳೆಯುವವನು.
ಬೆಳಗಿನ ಜಾವ ಮೂರಕ್ಕೆ ಪೈಪು ಹಿಡಿದರೆ
ಬಿಸಿಲೇರುವಷ್ಟರಲ್ಲಿ ನಾಲ್ಕು ಸಾಲು.

ಮೊದಲನೆಯದು ಸಿಕ್ಕಿದ್ದು ಕಾರ್ತಿಕದ ಹುಣ್ಣಿಮೆ ಮಾರನೇ ದಿನ.
ಕೋಳಿಮರಿಯಷ್ಟಿತ್ತು, ಬಾಲವೇ ಇಲ್ಲ,
ಪ್ಯಾನೆಲ್ಲಿನ ಕೆಳಗೆ ಎದೆಯೂರಿ
ಏಳಲಾರದೆ ತೆವಳುತ್ತಿತ್ತು.
ಫೋನು ಮಾಡಿದರೆ ಸೂಪರ್‌ವೈಸರ್ ಕೇಳಿದ:
ಗಾಜು ಒಡೆದಿದೆಯಾ?
ಇಲ್ಲ ಸಾರ್.
ಮತ್ತೇನು ಹಾಗಾದರೆ.

ಟವೆಲಿನಲ್ಲಿ ಸುತ್ತಿ ಊರಿಗೆ ತಂದೆ.
ನಮ್ಮದೊಂದು ಗುಂಪಿದೆ. ಸಂಘ ಅನ್ನಬೇಡಿ,
ಸಂಘಕ್ಕೆ ಸೀಲು ಬೇಕು. ನಮ್ಮ ಹತ್ತಿರ ಇರುವುದು
ಒಂದು ಬಿಸ್ಕತ್ತಿನ ಡಬ್ಬ: ಅರಿಶಿನ, ಬೇವಿನೆಣ್ಣೆ, ಕತ್ತರಿ, ಹಳೇ ಪಂಚೆಯ ಚೂರು.
ಬೇಲಿಯ ತಂತಿಗೆ ಕಿವಿ ಹರಿದುಕೊಂಡ ನಾಯಿ,
ಕೇಬಲ್ಲಿನ ಗುಂಡಿಗೆ ಬಿದ್ದ ಕುರಿ, ಎಲ್ಲಕ್ಕೂ ನಾವೇ,
ಅಂಗನವಾಡಿಯ ಮಾರಕ್ಕ, ಗೇಟು ಕಾಯುವ ಓಬಳೇಶ,
ಕೋಳಿ ಅಂಗಡಿಯ ದಾದಾಪೀರ್.
ಕೋಳಿ ಕುಯ್ಯೋನು ಹಕ್ಕಿ ಉಳಿಸ್ತಾನಾ ಅಂತ ಯಾರೋ ನಕ್ಕಾಗ
ದಾದಾಪೀರ್ ಅಂದಿದ್ದ:
ಯಾವ ಮೂಳೆ ಎಲ್ಲಿದೆ ಅಂತ ನನಗಲ್ಲದೆ ಇನ್ಯಾರಿಗಯ್ಯ ಗೊತ್ತು.

ಅವನೇ ಮುಟ್ಟಿ ನೋಡಿದ. ಕಾಲು ತೀರಾ ಹಿಂದಿದೆ, ಕೀಲು ತಪ್ಪಿದೆ.
ಊದುಕಡ್ಡಿ ಇಟ್ಟು ಪಟ್ಟಿ ಕಟ್ಟಿದೆವು.
ರಾಗಿ ಕಾಳು ಹಾಕಿದೆವು, ಮುಟ್ಟಲಿಲ್ಲ.
ಮೂರನೇ ದಿನ ಸತ್ತುಹೋಯಿತು.
ಮುಂದಿನ ವಾರ ಇನ್ನೊಂದು. ಅದೇ ಕಾಲು, ಅದೇ ಪಟ್ಟಿ.
ಅದೂ.

ಮೂರನೆಯದಕ್ಕೂ ದಾದಾಪೀರ್ ಕಡ್ಡಿ ಮುರಿಯುತ್ತಿದ್ದ.
ಮಾರಕ್ಕ ಅವನ ಕೈ ಹಿಡಿದಳು:
ಮೂರಕ್ಕೂ ಒಂದೇ ಜಾಗದಲ್ಲಿ ತಪ್ಪುತ್ತದಾ ಕೀಲು?

ಯಾರೂ ಮಾತಾಡಲಿಲ್ಲ.
ನಾನು ಪ್ಯಾನೆಲ್ ತೊಳೆಯುವ ಟಬ್ಬಿಗೆ ಅದನ್ನು ಬಿಟ್ಟೆ.
ಬುಳಕ್ಕನೆ ಮುಳುಗಿತು.
ಏಳಲಿಲ್ಲ.
ಹೋಯಿತು, ಕೊಂದುಬಿಟ್ಟೆಯಲ್ಲೋ ಅಂದ ಓಬಳೇಶ.
ಅಷ್ಟರಲ್ಲಿ ಆಚೆ ಅಂಚಿನಲ್ಲಿ ತಲೆ ಎತ್ತಿ
ನಮ್ಮನ್ನೊಮ್ಮೆ ನೋಡಿ ಮತ್ತೆ ಮುಳುಗಿತು.
ನೀರೊಳಗೆ ಆ ಕಾಲು ಹುಟ್ಟು ಹಾಕುತ್ತಿತ್ತು,
ಎಲ್ಲಿರಬೇಕೋ ಅಲ್ಲೇ ಇತ್ತು ಅದು.

ಕಾಯಿಲೆಯೇ ಇರಲಿಲ್ಲ ಅದಕ್ಕೆ.
ರಾತ್ರಿ ಹಾರುತ್ತ ಕೆಳಗೆ ನೋಡಿದೆ, ಕೆರೆ ಕಂಡಿದೆ, ಇಳಿದಿದೆ.
ನೆಲದಿಂದ ಏಳುವುದು ಅದರ ಜಾತಿಗೆ ಬಾರದು. ಅಷ್ಟೆ.
ಎರಡು ಜೀವದ ನೆಟ್ಟಗಿದ್ದ ಕಾಲಿಗೆ
ಕಡ್ಡಿ ಕಟ್ಟಿದ್ದೆವು ನಾವು, ಪ್ರೀತಿಯಿಂದ.
ದಾದಾಪೀರ್ ಆ ದಿನ ಅಂಗಡಿ ತೆರೆಯಲಿಲ್ಲ.

ಟೊಮೆಟೊ ಕ್ರೇಟಿಗೆ ಒದ್ದೆ ಗೋಣಿ ಹಾಸಿ
ಟಿವಿಎಸ್ ಮೇಲೆ ನಾಗಲಮಡಿಕೆಗೆ ಹೊರಟೆವು.
ಓಬಳೇಶ ರಿಜಿಸ್ಟರಿಗೆ ಬರೆಯದೆ ಗೇಟು ತೆಗೆದ.
ಅಣೆಕಟ್ಟೆಯ ಹಿನ್ನೀರಿನಲ್ಲಿ ಬಗ್ಗಿ ಬಿಟ್ಟರೆ
ಪಟಪಟ ನೀರ ಮೇಲೇ ಓಡಿ, ಮುಳುಗಿ,
ನಾವು ಕಾಯುತ್ತ ನಿಂತ ಕಡೆ ಏಳಲೇ ಇಲ್ಲ.
ಚಂದ್ರಕಲಾಳ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಲೆಕ್ಕ:
ಸತ್ತಿದ್ದು ಎರಡು. ಬಿಟ್ಟಿದ್ದು ಒಂದು.

ಈಗ ಬೆಳದಿಂಗಳೆಂದರೆ ನನಗೆ ಭಯ.
ನಾನು ತೊಳೆದಷ್ಟೂ ಗಾಜು ಹೊಳೆಯುತ್ತದೆ,
ಹೊಳೆದಷ್ಟೂ ಕೆರೆಯಾಗುತ್ತದೆ.
ನನಗೆ ಕೂಲಿ ಕೊಡುವುದೇ ಅದಕ್ಕೆ.
ಪೈಪಿನ ನೀರು ಇಳಿಜಾರಿನಲ್ಲಿ ಹರಿಯುವಾಗ
ಒಂದು ಗಳಿಗೆ ಅದು ನಿಜವಾಗಿಯೂ ನೀರು,
ಆಮೇಲೆ ಒರೆಸುತ್ತೇನೆ.

ನಿನ್ನೆ ಮೂರೂವರೆಗೆ, ಬೆನ್ನ ಹಿಂದೆ,
ಆರನೇ ಸಾಲಿನಲ್ಲಿ ಮೆತ್ತಗೆ ಏನೋ ಬಿದ್ದ ಸದ್ದು.
ಪೈಪು ಕೆಳಗಿಟ್ಟೆ.